ತಗಡಿನ ಸುಗ್ಗಿ

ನಮ್ಮೂರಲ್ಲಿ ತಗಡು ಅಂಗಡಿಯಲ್ಲಿ ಸಿಗುವುದಿಲ್ಲ. ಆಕಾಶದಿಂದ ಬೀಳುತ್ತದೆ. ಬೀಳಿಸುತ್ತಿದ್ದವಳು ನಾನು. ಒಂದು ಕಾಲಕ್ಕೆ ಈ ಮಾತನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ತಲೆ ತಗ್ಗಿಸಿ ಹೇಳಬೇಕು ಎಂದು ಕೆಲವರ ಆಸೆ. ತಗ್ಗಿಸುವುದಿಲ್ಲ. ಮಾಡಿದ್ದು ಮಾಡಿದೆ, ಬಿಟ್ಟದ್ದು ಬಿಟ್ಟೆ, ಎರಡನ್ನೂ ತಲೆ ಎತ್ತಿಯೇ ಹೇಳುತ್ತೇನೆ.

ಸಂತೆ ಮೈದಾನದ ಹಿಂದೆ ಒಂದು ಶೆಡ್ಡಿದೆ. ಅದರೊಳಗೆ ಜೆಟ್ ವಿಮಾನಗಳ ಕಾದಾಟದ ಆಟದ ಯಂತ್ರ. ಒಬ್ಬರು ಕೂರುವಷ್ಟು ಗೂಡು, ಎದುರಿಗೆ ಪರದೆ, ಬಲಗೈಗೆ ಹಿಡಿಕೋಲು, ಎಡಗೈಗೆ ವೇಗದ ಹಿಡಿ. ತೋರುಬೆರಳಿಗೆ ಗುಂಡು, ಹೆಬ್ಬೆರಳಿಗೆ ಕ್ಷಿಪಣಿ. ಕೋಲನ್ನು ಎಡಕ್ಕೆ ಎಳೆದರೆ ಪರದೆಯ ವಿಮಾನವೂ ಎಡಕ್ಕೆ ವಾಲುತ್ತದೆ, ನಾವು ಕೂತ ಗೂಡೂ ಎಡಕ್ಕೆ ವಾಲುತ್ತದೆ. ಅದಕ್ಕೇ ಊರವರು ಅದನ್ನು ತೊಟ್ಟಿಲು ಎನ್ನುತ್ತಾರೆ. ಹೊಸಬರು ಆ ತೊಟ್ಟಿಲಲ್ಲಿ ಕೂತರೆ ಬೆಳಗ್ಗೆ ಉಂಡದ್ದನ್ನು ಅಲ್ಲೇ ಕಕ್ಕುತ್ತಾರೆ. ಕೂತವರು ಎದುರಿನ ವಿಮಾನವೊಂದನ್ನು ಹೊಡೆದರೆ, ಅದು ಪರದೆಯಲ್ಲಿ ಹೊಗೆಯಾಡಿ ಮಾಯವಾಗಿ ಊರಾಚೆಯ ಬೋರೆಯ ಬೋಳು ದಿಣ್ಣೆಯ ಮೇಲೆ ದಡಾರನೆ ಬೀಳುತ್ತದೆ. ಯಾಕೆ ಬೀಳುತ್ತದೆ ಎಂದು ನಮ್ಮೂರಲ್ಲಿ ಯಾರೂ ಕೇಳಿಕೊಂಡವರಲ್ಲ. ಹುಣಸೆಮರದಲ್ಲಿ ಹುಣಸೆಹಣ್ಣೇ ಯಾಕೆ ಬಿಡುತ್ತದೆ ಎಂದು ಯಾರಾದರೂ ಕೇಳಿಕೊಳ್ಳುತ್ತಾರೆಯೇ?

ಬಿದ್ದ ವಿಮಾನವೇ ನಮ್ಮ ಸೂರು, ನಮ್ಮ ಬಕೆಟ್ಟು, ನಮ್ಮ ಕೊಳಗ. ರೆಕ್ಕೆಯ ತಗಡು ಮಾಡಿಗೆ, ಹೊಟ್ಟೆಯ ತಗಡು ಪಾತ್ರೆಗೆ, ಬಾಲದ್ದು ಕೊಟ್ಟಿಗೆಯ ಬಾಗಿಲಿಗೆ. ತುಕ್ಕು ಹಿಡಿಯುವುದಿಲ್ಲ, ಹಗುರ, ಬಡಿದರೆ ಬಾಗುತ್ತದೆ. ಬಿದ್ದ ಮೇಲೆ ಮೂರು ದಿನ ಮಾತ್ರ ಬೋರೆಯ ಕಡೆ ಯಾರೂ ತಲೆ ಹಾಕಿಯೂ ಮಲಗಬಾರದು. ತಗಡು ಆರಬೇಕು ಎಂಬುದು ಹಿರಿಯರು ಮಾಡಿಟ್ಟ ಪದ್ಧತಿ. ನಾಲ್ಕನೆಯ ದಿನ ಹಗ್ಗ, ಗಾಡಿ, ಗರಗಸ ಹಿಡಿದು ಹೋದರೆ ವಿಮಾನ ತಣ್ಣಗೆ ಬಿದ್ದುಕೊಂಡಿರುತ್ತದೆ. ಒಳಗೆ ಕೂರುವ ಜಾಗ ಖಾಲಿ. ಪ್ರತಿಸಲವೂ ಖಾಲಿ. ಹಾಗಾಗಿ ವಿಮಾನಗಳು ಬೇಲಿಯ ಮೇಲಿನ ತೊಂಡೆಕಾಯಿಯ ಹಾಗೆ, ಬಿತ್ತದೆ ಬೆಳೆಯುವ ಬೆಳೆ ಎಂದೇ ನಾವು ತಿಳಿದಿದ್ದೆವು. ಅಪರೂಪಕ್ಕೆ ಹೊಡೆತ ತಿಂದು ಪರದೆಯಲ್ಲಿ ನಮ್ಮ ವಿಮಾನವೇ ಉರುಳುತ್ತಿತ್ತು. ಆಗ ತೊಟ್ಟಿಲು ಜರ್ರನೆ ನಿಂತು, ಕೂತವರು ಇಳಿದು, ಇನ್ನೊಬ್ಬರು ಹತ್ತುತ್ತಿದ್ದರು. ಆ ನಮ್ಮ ವಿಮಾನ ಯಾರ ಊರಿನ ಬೋರೆಯ ಮೇಲೆ ಬೀಳುತ್ತದೆ, ಅಲ್ಲಿನವರು ಅದರಲ್ಲಿ ಏನು ಮಾಡಿಕೊಳ್ಳುತ್ತಾರೆ ಎಂದು ಯಾರೂ ಯೋಚಿಸಿದ್ದಿಲ್ಲ. ನಾನಂತೂ ಯೋಚಿಸಿದ್ದಿಲ್ಲ.

ನನ್ನ ಹೆಸರು ಹೊನ್ನಮ್ಮ, ಊರಿಗೆಲ್ಲ ಹೊನ್ನಿ. ನಮ್ಮವ್ವ ಸಣ್ಣೀರಮ್ಮ ತಗಡು ಬಡಿಯುವವಳು. ಊರಿನ ಮುಕ್ಕಾಲು ಪಾಲು ಪಾತ್ರೆ ಅವಳ ಸುತ್ತಿಗೆಯಡಿ ಹುಟ್ಟಿದವು. ಅವಳ ಕುಲುಮೆಯಲ್ಲಿ ತಿದಿ ಒತ್ತುವವನು ಓಬಜ್ಜ. ನಾನು ಹುಟ್ಟುವ ಮೊದಲಿನಿಂದ ಒತ್ತುತ್ತಿದ್ದಾನೆ. ಮಾತು ಕಡಿಮೆ, ತಿದಿಯೇ ಅವನ ಪರವಾಗಿ ಉಸಿರು ಬಿಡುತ್ತದೆ ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು. ನಾನು ಹತ್ತೊಂಬತ್ತರಲ್ಲಿ ತೊಟ್ಟಿಲು ಹತ್ತಿದವಳು. ಮೊದಲ ದಿನವೇ ನಾಲ್ಕು ವಿಮಾನ ಕೆಡವಿದೆ. ಶೆಡ್ಡಿನ ಯಜಮಾನ ಪಾಲಾಕ್ಷಯ್ಯ, ತನ್ನ ಕಾಲದಲ್ಲಿ ತಾನೂ ದೊಡ್ಡ ಹಾರಾಟಗಾರನೇ, ಮೀಸೆಯ ಮೇಲೆ ಬೆರಳಿಟ್ಟುಕೊಂಡು ನೋಡಿ, "ಇವಳ ಹೆಬ್ಬೆಟ್ಟಲ್ಲಿ ಊರಿನ ಮಾಡು ಐತೆ ಕಣ್ರಯ್ಯಾ" ಎಂದ. ಅಂದಿನಿಂದ ಹನ್ನೊಂದು ಸುಗ್ಗಿ ನನ್ನದೇ. ಸುಗ್ಗಿಯೆಂದರೆ ಮಳೆಗಾಲಕ್ಕೆ ಮುಂಚಿನ ಒಂದು ಹಗಲು. ಅಂದು ಆಟದ ಹದಿನೆಂಟು ಘಟ್ಟವನ್ನೂ ಒಂದೇ ಉಸಿರಿಗೆ ಹಾರಿ ವರ್ಷಕ್ಕಾಗುವಷ್ಟು ತಗಡು ಇಳಿಸಬೇಕು. ನನ್ನನ್ನು ನೋಡಲು ಬಂದ ಗಂಡುಗಳು ಮುಖ ನೋಡುತ್ತಿರಲಿಲ್ಲ, ಹೆಬ್ಬೆರಳು ನೋಡುತ್ತಿದ್ದರು. ನೋಡಲಿ ಎಂದು ನಾನೂ ಕೈ ಚಾಚಿ ಕೂರುತ್ತಿದ್ದೆ. ಒಬ್ಬನಿಗೂ ಹೂಂ ಅನ್ನಲಿಲ್ಲ ಅನ್ನುವುದು ಬೇರೆ ಮಾತು.

ಕಳೆದ ಸುಗ್ಗಿಗೆ ಎರಡು ತಿಂಗಳಿರುವಾಗ ಪಾಲಾಕ್ಷಯ್ಯ ದೂರದ ಪೇಟೆಯಿಂದ ಒಂದು ಪೆಟ್ಟಿಗೆ ತಂದು ನಮ್ಮ ಜಗುಲಿಯ ಮೇಲಿಟ್ಟ. ಅದೇ ಜೆಟ್ ಆಟ, ಆದರೆ ಮನೆಯ ಟೀವಿಗೆ ತಗುಲಿಸಿ ಆಡುವಂಥದ್ದು. ಹಂಚಿನಷ್ಟು ಅಗಲದ ಕಪ್ಪು ಪೆಟ್ಟಿಗೆ, ಅದಕ್ಕೆ ತುರುಕುವ ಒಂದು ಕ್ಯಾಸೆಟ್ಟು, ಕೈಯಲ್ಲಿ ಹಿಡಿಯುವ ಗುಂಡಿಗಳ ಪಟ್ಟಿ. "ತೊಟ್ಟಿಲಿಗೆ ಎಣ್ಣೆ ಕೊಡಿಸಿ ಬಿಗಿ ಮಾಡಿಸ್ಬೇಕು, ಶೆಡ್ಡು ಒಂದು ತಿಂಗಳು ಮುಚ್ತೀನಿ. ಅಲ್ಲೀಗಂಟ ಮನೇಲೇ ಕೈ ಪಳಗಿಸ್ಕೊ. ಈ ಸಲ ಊರ ಹೆರಿಗೆ ಕೋಣೆ ಮಾಡೂ ಹೊಸದಾಗ್ಬೇಕು" ಎಂದ. ಅವ್ವ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗೆ ಕೂರೋದೆಲ್ಲಿ?" ಎಂದಳು.

ಕೂರುವುದು ಚಾಪೆಯ ಮೇಲೆ. ವಾಲುವುದಿಲ್ಲ, ಅಲ್ಲಾಡುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ. ತೊಟ್ಟಿಲ ಮುಂದೆ ಇದು ಮಜ್ಜಿಗೆಯ ಮುಂದೆ ನೀರುಮಜ್ಜಿಗೆ. ಮೋಡಗಳು ಚೌಕ ಚೌಕ, ಸಮುದ್ರ ಮಾಸಲು, ಎದುರು ಬರುವ ವಿಮಾನಗಳು ಹತ್ತಿರ ಬಂದರೂ ಚುಕ್ಕಿಗಿಂತ ಸ್ವಲ್ಪ ದಪ್ಪ. ಆದರೂ ಕೈ ಸುಮ್ಮನಿರುತ್ತದೆಯೇ? ಮೊದಲನೆಯದನ್ನು ಹೊಡೆದೆ. ಅಡುಗೆಮನೆಯಲ್ಲಿ ಟಣ್ಣೆಂದಿತು. ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಸೌಟಿನಲ್ಲಿ ಬೆಂಡೆಕಾಯಿಯಷ್ಟು ಉದ್ದದ ವಿಮಾನ, ಹುಳಿಯಲ್ಲಿ ಅದ್ದಿಕೊಂಡು, ಇನ್ನೂ ಹೊಗೆಯಾಡುತ್ತಿತ್ತು.

ಒಂದು ವಾರ ನಮ್ಮ ಮನೆ ಹಬ್ಬದ ಮನೆಯಾಯಿತು. ಅಕ್ಕಪಕ್ಕದ ಹೆಂಗಸರು ಮೊರ ಹಿಡಿದು ಬಂದು ಅಡುಗೆಮನೆಯಲ್ಲಿ ಕೂರುತ್ತಿದ್ದರು. ನಾನು ನಡುಮನೆಯಲ್ಲಿ ಹೊಡೆಯುವುದು, ಅವರು ಅಲ್ಲಿ ಮೊರವೊಡ್ಡಿ ಹಿಡಿಯುವುದು. "ಹೊನ್ನಿ, ಇನ್ನೊಂದು ಜೊತೆ ಕೆಡವೇ, ಒಂದೇ ಅಳತೆದು ಇರ್ಲಿ, ಓಲೆ ಮಾಡಿಸ್ಕೋಬೇಕು" ಎಂದು ಒಬ್ಬಳು ಕೂಗಿದರೆ, ಇನ್ನೊಬ್ಬಳಿಗೆ ಕುಂಕುಮದ ಭರಣಿ. ಅವ್ವ ಸಣ್ಣ ಸುತ್ತಿಗೆ ತೆಗೆದುಕೊಂಡು ಅಲ್ಲೇ ಬಡಿದುಕೊಡುತ್ತಿದ್ದಳು. ಇಷ್ಟು ಚಿಕ್ಕ ತಗಡಿಗೆ ಮೂರು ದಿನ ಯಾರು ಕಾಯುತ್ತಾರೆ? ಊದಿದರೆ ಆರುತ್ತದೆ. ಹಿರಿಯರ ಪದ್ಧತಿ ದೊಡ್ಡ ವಿಮಾನಕ್ಕೆ ಎಂದು ನಾವೇ ತೀರ್ಮಾನಿಸಿಕೊಂಡೆವು. ಅದೂ ಪೂರ್ತಿ ಆರುವ ಮೊದಲೇ ಮೊರದಿಂದ ಮೊರಕ್ಕೆ ಸುರಿದು, ನೀರಿನಲ್ಲಿ ಜಾಲಾಡಿ, ಬಡಿದು ಚಪ್ಪಟೆ ಮಾಡುವ ಗಡಿಬಿಡಿಯಲ್ಲಿ ಯಾರಿಗೂ ಏನೂ ಕಾಣಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಯಾರೂ ಇರಲಿಲ್ಲ. ಅವ್ವ ರಾಗಿಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದವಳು ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದುಹೋದಳು. ನಾನು ಒಂದನ್ನು ಹೊಡೆದೆ. ಟಣ್ ಎನ್ನಲಿಲ್ಲ, ಮೆತ್ತಗೆ ಬಿದ್ದಿತು. ಆಟ ನಿಲ್ಲಿಸಿ ಒಳಗೆ ಹೋದೆ. ವಿಮಾನ ಹಿಟ್ಟಿನ ರಾಶಿಗೆ ಮೂತಿ ಚುಚ್ಚಿಕೊಂಡು ನಿಂತಿತ್ತು. ಮೇಲಿನ ಗಾಜು ತೆರೆದಿತ್ತು. ಅಲ್ಲಿಂದ, ನೆಲದ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲಿ, ಗಸಗಸೆ ಕಾಳಿನಷ್ಟು ಗುರುತುಗಳ ಒಂದು ಸಾಲು ಬಚ್ಚಲ ತೂಬಿನ ಕಡೆ ಹೋಗಿತ್ತು. ಒಂದು ಪಕ್ಕದ ಗುರುತು ಚುಕ್ಕಿ. ಇನ್ನೊಂದು ಪಕ್ಕದ್ದು ಗೀರು. ನಡುವೆ ಒಂದು ಕಡೆ ಸಾಲು ನಿಂತು, ಹಿಟ್ಟು ಸ್ವಲ್ಪ ಅಗಲಕ್ಕೆ ಒತ್ತಿಕೊಂಡಿತ್ತು. ಅಲ್ಲಿಂದ ಮುಂದೆ ಮತ್ತೆ ಚುಕ್ಕಿ, ಗೀರು, ಚುಕ್ಕಿ, ಗೀರು.

ಅವ್ವ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಇರುವೆ ಕಣೇ" ಎಂದಳು.

"ಇರುವೆ ಕಾಲೆಳ್ಕೊಂಡು ಹೋಗ್ತದೇನವ್ವ? ನಡುವೆ ಕೂತು ಸುಧಾರಿಸ್ಕೊಂಡು ಎದ್ದು ಹೋಗ್ತದಾ?"

ಅವ್ವ ಮೂಲೆಯಿಂದ ಕಸಬರಿಕೆ ತಂದಳು, ಗುಡಿಸಲಿಲ್ಲ, ಹಿಡಿದುಕೊಂಡೇ ನಿಂತಳು.

ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳದೆ ಇರಬಹುದಿತ್ತು. ಹೇಳುತ್ತೇನೆ. ಖಾತ್ರಿ ಮಾಡಿಕೊಳ್ಳಲು ಇನ್ನೊಂದನ್ನು ಹೊಡೆದೆ. ಹನ್ನೊಂದು ವರ್ಷ ಕೆಡವಿದ್ದೆಲ್ಲ ತಿಳಿಯದೆ ಕೆಡವಿದ್ದು, ಅದಕ್ಕೆ ಏನಾದರೂ ಸಬೂಬು ಹೇಳಬಹುದು. ಈ ಒಂದನ್ನು ತಿಳಿದೇ ಕೆಡವಿದೆ. ಓಡಿಹೋಗಿ ನೋಡಿದರೆ ಅದು ಒಲೆಯ ಪಕ್ಕ ಮಗುಚಿ ಬಿದ್ದಿತ್ತು. ಗಾಜು ಸರಿಯಿತು. ಒಳಗಿನಿಂದ ಭತ್ತದ ಕಾಳಿನಷ್ಟು ಎತ್ತರದ ಒಬ್ಬ ಮನುಷ್ಯ ತೆವಳಿಕೊಂಡು ಹೊರಬಂದ. ಎದ್ದು ನಿಂತ. ಬಟ್ಟೆ ಕೊಡವಿಕೊಂಡ. ತಲೆಯೆತ್ತಿ ನನ್ನನ್ನು ನೋಡಿದ. ನಾನು ಅಲ್ಲಿ ಬೆಟ್ಟದ ಹಾಗೆ ಬಗ್ಗಿ ನಿಂತಿದ್ದೆ, ಕಾಲೆತ್ತಿ ಇಟ್ಟರೆ ಅವನ ಕಥೆ ಮುಗಿಯುತ್ತಿತ್ತು. ಅವನಿಗೆ ಅದು ಗೊತ್ತಿರಲೇಬೇಕು. ಆದರೂ ನನ್ನ ಮುಖ ನೋಡಿ ಥೂ ಎಂದು ಉಗಿದ. ಉಗಿದು, ಬೆನ್ನು ತಿರುಗಿಸಿ, ಅವಸರವಿಲ್ಲದೆ ತೂಬಿನ ಕಡೆ ನಡೆದ.

ನನಗೆ ನಾಚಿಕೆಯಾಯಿತು. ಅದರ ಜೊತೆಗೇ, ನಿಜ ಹೇಳಬೇಕೆಂದರೆ, ಅವನ ಮೇಲೆ ಮೆಚ್ಚುಗೆಯೂ ಆಯಿತು. ಇಷ್ಟಗಲ ಜೀವ, ಅಷ್ಟು ದೊಡ್ಡ ಧಿಮಾಕು. ಅಂಥವರನ್ನು ನಾನು ಓಲೆಗೋಸ್ಕರ ಕೆಡವಿದ್ದೆ. ತಲೆಯೆತ್ತಿದರೆ ನಮ್ಮ ಮನೆಯ ಮಾಡು, ಪಕ್ಕದ ಮನೆಯ ಮಾಡು, ಬೀದಿಗೆ ಬೀದಿಯೇ ನಾನು ಹೊಡೆದ ತಗಡಿನಡಿ ನಿಂತಿತ್ತು. ಕ್ಯಾಸೆಟ್ಟನ್ನು ಕಿತ್ತು ಅಟ್ಟದ ಮೇಲೆಸೆದು ಶೆಡ್ಡಿಗೆ ನಡೆದೆ.

ಪಾಲಾಕ್ಷಯ್ಯ ತೊಟ್ಟಿಲ ಪರದೆಯನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದ. "ಯಜಮಾನ್ರೇ, ವಿಮಾನದೊಳಗೆ ಜನ ಇದಾರೆ" ಎಂದೆ.

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. "ಕೂತ್ಕೊ" ಎಂದ.

"ಕೂರಲ್ಲ. ಎದ್ದು ನಡೆದು ಹೋಗಿದ್ದನ್ನ ಕಣ್ಣಾರೆ ನೋಡಿದೀನಿ."

"ಮತ್ತೆ ಮೂರು ದಿನ ಯಾತಕ್ಕೆ ಬಿಡ್ತೀವಿ ಅಂದ್ಕೊಂಡಿದ್ದೆ? ತಗಡು ಆರೋದಿಕ್ಕೆ ಅರ್ಧ ದಿನ ಸಾಕು."

ಅವನು ಸಮಾಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದ: "ನಮ್ಮಪ್ಪ ನನಗೆ ಹೇಳಿದ್ದು, ಅವರಪ್ಪ ಅವರಿಗೆ ಹೇಳಿದ್ದು. ಎದ್ದು ಹೋಗೋರಿಗೆ ಹೋಗೋಕೆ ಹೊತ್ತು ಕೊಡ್ಬೇಕು. ಸಾಯ್ಸಲ್ಲ, ಹಿಡಿಯಲ್ಲ, ಕಟ್ಟಿ ಹಾಕಲ್ಲ. ಅವರು ಹೋಗ್ತಾರೆ, ತಗಡು ಉಳೀತದೆ. ಇದರಲ್ಲಿ ಅನ್ಯಾಯ ಎಲ್ಲೈತೆ?"

"ಎಲ್ಲಿಗೆ ಹೋಗ್ತಾರೆ?"

"ಅದು ನಮ್ಮೂರ ಮಾತಲ್ಲ."

"ಕುಂಟುಕೊಂಡು, ಗುರುತಿಲ್ಲದ ಬೋರೆ ಮೇಲೆ, ಎಲ್ಲಿಗೆ ಹೋಗ್ತಾರೆ ಯಜಮಾನ್ರೇ?"

"ಹೊನ್ನಿ, ಹೆರಿಗೆ ಕೋಣೆ ಮಾಡು ತೂತಾಗೈತೆ. ಈ ಮಳೇಲಿ ಹೆರೋ ಹೆಂಗಸಿಗೆ ನೀನು ಹೋಗಿ ಹೇಳು, ವಿಮಾನದೋರ ಕಾಲು ಉಳುಕ್ತದೆ, ಅದಕ್ಕೆ ನೀನು ನೆನ್ಕೊಂಡೇ ಹೆರು ಅಂತ."

ಈ ಮಾತು ನನ್ನ ಎದೆಗೆ ತಾಗದೆ ಇರಲಿಲ್ಲ. ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಆದರೂ ಬಾಗಿಲಲ್ಲಿ ನಿಂತು ಹೇಳಿದೆ: "ಕೆರೆ ತುಂಬ ಜೇಡಿಮಣ್ಣು ಬಿದ್ದೈತೆ. ಹೆಂಚು ಸುಡೋದು ನಮ್ಮ ಮುತ್ತಾತಂದಿರಿಗೆ ಗೊತ್ತಿತ್ತು. ನಾನು ಇನ್ನು ಹೊಡೆಯಲ್ಲ." ಅವನು ಹಿಂದಿನಿಂದ, "ನೀನು ಹೊಡೀದಿದ್ರೆ ನಮ್ಮಕ್ಕನ ಮಗ ಜಯಣ್ಣ ಹೊಡೀತಾನೆ. ತೊಟ್ಟಿಲು ಯಾರನ್ನೂ ಕಾಯಲ್ಲ" ಎಂದ.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಮಾರನೆಯ ಬೆಳಿಗ್ಗೆ ನಮ್ಮ ಅಂಗಳದಲ್ಲಿ ತೂತು ಬಿದ್ದ ಬಕೆಟ್ಟು, ಬಿರುಕು ಬಿಟ್ಟ ಕೊಳಗ, ಕಿತ್ತುಬಂದ ಮಾಡಿನ ತಗಡುಗಳ ರಾಶಿ ಬಿದ್ದಿತ್ತು. ಯಾರೂ ಬಾಯಿಬಿಟ್ಟು ಬೈಯಲಿಲ್ಲ, ತಂದು ಇಟ್ಟುಹೋದರು, ಅಷ್ಟೆ. ಓಲೆ ಮಾಡಿಸಿಕೊಂಡವಳೇ ನಲ್ಲಿಯ ಹತ್ತಿರ, "ಉಂಡ ಮನೆ ಜಂತೆ ಎಣಿಸೋರು ಹೆಚ್ಚಾದ್ರು" ಎಂದಳು. ಅವಳ ಕಿವಿಯಲ್ಲಿ ಎರಡು ವಿಮಾನಗಳು ತೂಗಾಡುತ್ತಿದ್ದವು. ನಾನು, "ನಾನು ಎಣಿಸಿದ್ದು ಜಂತೆಯಲ್ಲ, ಜನ" ಎಂದು ಹೇಳಿ ಕೊಡ ಎತ್ತಿಕೊಂಡು ಬಂದೆ. ಜಾಣತನದ ಉತ್ತರವೇ. ಆದರೂ ಮನೆಗೆ ಬರುವಷ್ಟರಲ್ಲಿ ಕಣ್ಣು ಹನಿಯಿತು.

ಅವ್ವ ಅಂಗಳದ ಆ ರಾಶಿಗೆಲ್ಲ ಬೆಸುಗೆ ಹಾಕುತ್ತಾ ಕೂತಳು. ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅವಳ ಕಸುಬಿನ ಬುಡಕ್ಕೇ ನಾನು ಕೊಡಲಿ ಹಾಕಿದ್ದೆ, ಮಾತಾಡು ಎಂದು ಹೇಗೆ ಕೇಳಲಿ? ಓಬಜ್ಜ ಎಂದಿನಂತೆ ತಿದಿ ಒತ್ತುತ್ತಿದ್ದ. ಅವನೊಬ್ಬನೇ, ನಾನು ಹತ್ತಿರ ಹೋದಾಗ ಒತ್ತುವುದನ್ನು ನಿಲ್ಲಿಸಿ, ಏನೋ ಹೇಳುವವನ ಹಾಗೆ ನೋಡಿ, ಮತ್ತೆ ಒತ್ತುತ್ತಿದ್ದ. ಐದನೆಯ ದಿನ ಅವ್ವ ಸುತ್ತಿಗೆ ಕೆಳಗಿಟ್ಟಳು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಿನಗೆ ಹೇಳ್ಕೊಟ್ಟಿದ್ದು ನಾನೇ. ಬೆಕ್ಕು ನಾವೇ ಅಂತ ನನಗೆ ಗೊತ್ತಿರ್ಲಿಲ್ಲ" ಎಂದಳು. ಕೊಳಗವನ್ನು ಪಕ್ಕಕ್ಕೆ ಸರಿಸಿ, "ನೀನು ಹೊಡೆಯಲ್ಲ ಅಂದ್ರೆ ಜಯಣ್ಣ ಹೊಡೀತಾನೆ. ಆಮೇಲೆ? ಮನೇಲಿ ಕೂತು ಕಿವಿ ಮುಚ್ಕೋತೀಯಾ?" ಎಂದು ಕೇಳಿದಳು.

ಆ ಪ್ರಶ್ನೆ ನನ್ನನ್ನು ಎಬ್ಬಿಸಿತು. ತೊಟ್ಟಿಲಿಗೆ ಇರುವುದು ಒಂದೇ ಕಟ್ಟಳೆ: ಹತ್ತಿದವರು ಬೀಳುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಯಜಮಾನನೇ ಬಂದರೂ ಕೈ ಕಟ್ಟಿ ನಿಂತು ಕಾಯಬೇಕು. ಹಾರುತ್ತಿರುವಾಗ ವಿದ್ಯುತ್ ಪ್ಲಗ್ಗನ್ನು ಮುಟ್ಟುವುದೆಂದರೆ ಬಾವಿಗಿಳಿದವನ ಹಗ್ಗ ಕೊಯ್ದಂತೆ. ಹದಿನೆಂಟನೆಯ ಘಟ್ಟ ದಾಟಿದರೆ ಆಟ ಮುಗಿಯುವುದೂ ಇಲ್ಲ, ಇನ್ನೂ ಬಿರುಸಾಗಿ ಮೊದಲ ಘಟ್ಟದಿಂದ ಶುರುವಾಗುತ್ತದೆ. ಆ ಎರಡನೆಯ ಸುತ್ತಿಗೆ ಯಾರೂ ಹೋಗಿರಲಿಲ್ಲ, ಬೇಕಾದ ತಗಡು ಅಷ್ಟರಲ್ಲಿ ಬಿದ್ದಿರುತ್ತಿತ್ತು. ನಾನು ಬೀಳದಿದ್ದರೆ? ಬೀಳದೆ, ಹೊಡೆಯದೆ, ಇಳಿಯದೆ ಸುಗ್ಗಿಯ ಹಗಲು ಕಳೆಯುವ ತನಕ ಹಾರುತ್ತಲೇ ಇದ್ದರೆ ಜಯಣ್ಣನಿಗೆ ಕೂರಲು ಜಾಗವೆಲ್ಲಿ? ಅಂದೇ ಹೋಗಿ ಪಾಲಾಕ್ಷಯ್ಯನಿಗೆ ಸುಗ್ಗಿಗೆ ನಾನೇ ಹಾರುತ್ತೇನೆ ಎಂದೆ. ಅವನು ನನ್ನ ತಲೆ ಸವರಿದ. "ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿಸ್ಕೊಳ್ಲಿಲ್ಲ, ಮೊದಲೇ ಬಂತು" ಎಂದ. ನಾನು ಸುಳ್ಳು ಹೇಳಲಿಲ್ಲ. ಹಾರುತ್ತೇನೆ ಎಂದೆ, ಹೊಡೆಯುತ್ತೇನೆ ಎನ್ನಲಿಲ್ಲ.

ಸುಗ್ಗಿಯ ದಿನ ಬೆಳಗಿನ ಬಿಸಿಲು ಶೆಡ್ಡಿನ ಬಾಗಿಲಿಗೆ ಬಂದಾಗ ತೊಟ್ಟಿಲು ಹತ್ತಿದೆ. ಊರಿಗೆ ಊರೇ ಸೇರಿತ್ತು. ಬೋರೆಯ ತುದಿಯಿಂದ ಶೆಡ್ಡಿನವರೆಗೆ ಮಾರಿಗೊಬ್ಬರಂತೆ ಜನ ಸಾಲಾಗಿ ನಿಂತಿರುತ್ತಾರೆ. ಒಂದು ವಿಮಾನ ಬಿದ್ದರೆ ಅಲ್ಲಿನವನು "ಬಿತ್ತು" ಎಂದು ಕೂಗುತ್ತಾನೆ, ಆ ಕೂಗು ಬಾಯಿಂದ ಬಾಯಿಗೆ ಹಾಯ್ದು ಶೆಡ್ಡಿಗೆ ಬರುತ್ತದೆ, ಇಲ್ಲಿನವರು ಚಪ್ಪಾಳೆ ಹೊಡೆಯುತ್ತಾರೆ. ಹನ್ನೊಂದು ವರ್ಷ ಆ ಕೂಗು ಕೇಳಿ ನನ್ನ ರೋಮ ನಿಮಿರಿತ್ತು.

ಹೊಡೆಯದೆ ಹಾರುವುದು ಹೊಡೆದು ಹಾರುವುದಕ್ಕಿಂತ ಹತ್ತು ಪಟ್ಟು ಕಷ್ಟ. ಹೊಡೆದರೆ ಎದುರಿನದು ಇಲ್ಲವಾಗುತ್ತದೆ. ಹೊಡೆಯದಿದ್ದರೆ ಅದು ಪಕ್ಕದಿಂದ ಹಾದು, ಹಿಂದೆ ಬಂದು, ಬೆನ್ನಿಗೆ ಕ್ಷಿಪಣಿ ಬಿಡುತ್ತದೆ. ಮೊದಲ ಘಟ್ಟದಲ್ಲೇ ಆರು ನನ್ನ ಬೆನ್ನಿಗೆ ಬಿದ್ದವು. ಕೋಲನ್ನು ಎಡಕ್ಕೆಸೆದು ಬಲಕ್ಕೆ ಸೆಳೆದರೆ ವಿಮಾನ ಪೂರ್ತಿ ಒಂದು ಉರುಳು ಉರುಳುತ್ತದೆ. ಆ ಉರುಳಿನಲ್ಲಿ ಕ್ಷಿಪಣಿ ಗುರಿ ತಪ್ಪುತ್ತದೆ. ಉರುಳಿದೆ, ವೇಗ ಇಳಿಸಿದೆ, ಏರಿಸಿದೆ, ಮತ್ತೆ ಉರುಳಿದೆ. ಎದುರಿನದು ಗುರಿಗೆ ಸಿಕ್ಕಿತೆಂದು ಯಂತ್ರದ ಗುರಿ ಕಟ್ಟಿದ ಶಬ್ದ ಬಂದಾಗಲೆಲ್ಲ ಹೆಬ್ಬೆರಳು ತಾನಾಗಿ ಗುಂಡಿಯ ಮೇಲೆ ಹೋಗುತ್ತಿತ್ತು. ಹಳೆಯ ಚಾಳಿ. ಎರಡನೆಯ ಘಟ್ಟದಲ್ಲಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಉಳಿದ ನಾಲ್ಕು ಬೆರಳಲ್ಲಿ ಕೋಲು ಹಿಡಿದೆ. ನಡುವೆ ಇಂಧನದ ದೊಡ್ಡ ವಿಮಾನ ಬಂದು ಹೊಸ ಕ್ಷಿಪಣಿಗಳನ್ನು ತುಂಬಿತು. ಹಳೆಯವೇ ಒಂದೂ ಖರ್ಚಾಗಿರಲಿಲ್ಲ.

ಐದನೆಯ ಘಟ್ಟದ ಹೊತ್ತಿಗೆ ಹಿಂದೆ ಗುಸುಗುಸು ಶುರುವಾಯಿತು. "ಯಾಕೆ ಕೂಗು ಬರ್ತಿಲ್ಲ?" "ಗುಂಡಿ ಕೆಟ್ಟಿರ್ಬೇಕು." ಒಂಬತ್ತನೆಯದಕ್ಕೆ ಪಾಲಾಕ್ಷಯ್ಯ ಬಗ್ಗಿ ನನ್ನ ಕೈ ನೋಡಿದ. ಮಡಚಿದ ಹೆಬ್ಬೆರಳು ಕಂಡಿತು. "ಹೊನ್ನೀ" ಎಂದ, ತಗ್ಗಿದ ದನಿಯಲ್ಲಿ. "ಊರ ಮುಂದೆ ನನ್ನ ಮಾನ ತೆಗೀಬೇಡ."

"ಊರ ಮುಂದೆ ನೀವೇ ಹೇಳಿ ಯಜಮಾನ್ರೇ, ಮೂರು ದಿನ ಯಾತಕ್ಕೆ ಬಿಡ್ತೀವಿ ಅಂತ" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಅವನು ಹೇಳಲಿಲ್ಲ. ಅವನು ಹೇಳದಿದ್ದದ್ದನ್ನು ಎಲ್ಲರೂ ನೋಡಿದರು.

ಮಧ್ಯಾಹ್ನಕ್ಕೆ ಹದಿನೆಂಟು ಘಟ್ಟ ದಾಟಿದೆ. ಪರದೆಯಲ್ಲಿ ವಿಮಾನ ಓಡುದಾರಿಗೆ ಇಳಿದು ನಿಂತಿತು. ಕೆಡವಿದ ವಿಮಾನಗಳ ಸಂಖ್ಯೆ ಸೊನ್ನೆ ಎಂದು ತೋರಿಸಿತು. ಯಾರೋ ಕಿಸಕ್ಕನೆ ನಕ್ಕರು, ಯಾರೋ ಥೂ ಎಂದರು. ಜಯಣ್ಣ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದ. ನಾನು ಇಳಿಯಲಿಲ್ಲ. ಗುಂಡಿ ಒತ್ತಿ ಮತ್ತೆ ಮೊದಲ ಘಟ್ಟಕ್ಕೆ ಏರಿದೆ. ಆಗ ಅವರಿಗೆ ಅರ್ಥವಾಯಿತು. ಶೆಡ್ಡಿನಲ್ಲಿ ಗದ್ದಲವೆದ್ದಿತು. "ಇಳಿಯೇ", "ನಿನ್ನ ಹಟಕ್ಕೆ ಊರು ನೆನೀಬೇಕಾ", "ಅವರು ನಿನ್ನ ಮೇಲೆ ಹೊಡೀತಿದಾರೆ, ಕಾಣ್ತಿಲ್ವಾ?"

"ಹೊಡೀಲಿ. ಅವರ ಮನೆ ಮೇಲೆ ಹಾರ್ತಿರೋಳು ನಾನು" ಎಂದೆ. "ನಾನು ಬೀಳೋಗಂಟ ಈ ಕುರ್ಚಿ ನಂದು. ಕಟ್ಟಳೆ ನಿಮ್ದೇ."

ಎರಡನೆಯ ಸುತ್ತು ಬಿರುಸಾಗಿತ್ತು. ಹತ್ತು ಬರುತ್ತಿದ್ದ ಕಡೆ ಇಪ್ಪತ್ತು. ತೋಳು ಸೋತು ಮರಗಟ್ಟಿತು, ಕಣ್ಣುರಿಯಿತು, ಬೆವರು ಹುಬ್ಬಿನಿಂದ ಇಳಿದರೂ ಒರೆಸಿಕೊಳ್ಳಲು ಕೈಯಿಲ್ಲ. ಅಷ್ಟರಲ್ಲಿ ಯಾರೋ ಸೆರಗಿನಿಂದ ನನ್ನ ಮುಖ ಒರೆಸಿದರು. ಅವ್ವ. ಮಡಿಲಲ್ಲಿ ಮುದ್ದೆಯ ಬಟ್ಟಲು. ತುತ್ತು ಮುರಿದು, ಸಾರಿನಲ್ಲದ್ದಿ, ತೊಟ್ಟಿಲು ಈ ಕಡೆ ವಾಲಿದಾಗಲೆಲ್ಲ ಬಾಯಿಗಿಟ್ಟಳು. "ನುಂಗು, ಅಗೀಬೇಡ, ಹೊತ್ತಿಲ್ಲ" ಎಂದಳು. ಅವಳ ಕಸುಬು ಹೋಗುವುದಿತ್ತು, ಅವಳೇ ನನಗೆ ಉಣಿಸುತ್ತಿದ್ದಳು. ಮುದ್ದೆಯ ಜೊತೆ ಅಳುವನ್ನೂ ನುಂಗಿದೆ.

ಪಾಲಾಕ್ಷಯ್ಯ ಗೋಡೆಯ ಕಡೆ ಹೋದ. ಪ್ಲಗ್ಗು ಅಲ್ಲಿತ್ತು. ಅವನು ಬಗ್ಗಿ ಅದರ ಕಡೆ ಕೈ ಚಾಚಿದ ಎಂದು ಆಮೇಲೆ ಅವ್ವ ಹೇಳಿದಳು. "ನನ್ನ ಕಾಲದಲ್ಲಿ ಇದನ್ನ ಯಾರೂ ಮುಟ್ಟಿರ್ಲಿಲ್ಲ. ದೇವರು ನೋಡ್ಕೊಳ್ಲಿ, ಮುಟ್ತೀನಿ" ಎಂದ. ಯಾರೂ ತಡೆಯಲಿಲ್ಲ. ಅರ್ಧ ಜನಕ್ಕೆ ಅವನು ಎಳೆಯಬೇಕಿತ್ತು, ಇನ್ನರ್ಧ ಜನಕ್ಕೆ ಎಳೆಯಬಾರದಿತ್ತು, ಎರಡೂ ಕಡೆಯವರು ಸುಮ್ಮನೆ ನಿಂತಿದ್ದರು.

"ಎಡಕ್ಕೆ ಸರಿ, ತಾಯಿ."

ಓಬಜ್ಜನ ದನಿ. ಜನದ ನಡುವೆ ಬಂದು ತೊಟ್ಟಿಲ ಪಕ್ಕದಲ್ಲೇ ನಿಂತಿದ್ದ. ಕಣ್ಣು ಪರದೆಯ ಮೇಲಿತ್ತು. ಅಲ್ಲಿ ದೂರದ ಮೋಡದಿಂದ ಒಂಟಿ ವಿಮಾನವೊಂದು ನನ್ನ ಕಡೆ ಬರುತ್ತಿತ್ತು.

"ಈಗ ನೇರ ಬರ್ತಾನೆ. ಹತ್ರ ಬಂದಾಗ ತನ್ನ ಎಡಕ್ಕೆ ಮುರೀತಾನೆ. ನೀನೂ ನಿನ್ನ ಎಡಕ್ಕೆ ಸರಿ, ಇಬ್ರಿಗೂ ಏನೂ ಆಗಲ್ಲ."

"ನಿನಗೆ ಹೆಂಗೆ ಗೊತ್ತು ಅಜ್ಜ?" ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

"ಚಿಕ್ಕಂದಿನಿಂದ ಅವ ಎಡಕ್ಕೇ ಮುರಿಯೋನು. ಎಷ್ಟು ಸಲ ಹೇಳಿದ್ರೂ ಕೇಳ್ತಿರ್ಲಿಲ್ಲ" ಎಂದ ಓಬಜ್ಜ. "ನನ್ನ ತಮ್ಮ."

ಇಷ್ಟು ವರ್ಷ ನಮ್ಮ ಬೆಂಕಿಗೆ ಗಾಳಿ ಹಾಕಿದ ಮನುಷ್ಯನ ಊರು ಯಾವುದು ಎಂದು ನಾವು ಒಬ್ಬರೂ ಕೇಳಿರಲಿಲ್ಲ. ಓಬಜ್ಜನ ವಿಮಾನವನ್ನು ಕೆಡವಿದ ಸುಗ್ಗಿಯಲ್ಲಿ ತೊಟ್ಟಿಲಲ್ಲಿ ಕೂತಿದ್ದವನು ಯಾರು ಎಂದು ಪಾಲಾಕ್ಷಯ್ಯನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೋಡೆಯ ಹತ್ತಿರದಿಂದ ಅವನು ಕೂತ ಸದ್ದು ಕೇಳಿಸಿತು, ನೆಲದ ಮೇಲೆ, ಒಮ್ಮೆಗೇ.

ವಿಮಾನ ಹತ್ತಿರ ಬಂತು. ಗುರಿ ಕಟ್ಟಿದ ಶಬ್ದ ಕಿವಿ ತುಂಬಿತು. ನಾನು ನನ್ನ ಎಡಕ್ಕೆ ಸರಿದೆ, ಅವನು ತನ್ನ ಎಡಕ್ಕೆ ಮುರಿದ. ಗುಂಡಿನ ಮಳೆ ಸುರಿಸುತ್ತಾ, ನನ್ನನ್ನು ಕೆಡವಲೇಬೇಕೆಂಬ ಹಟದಲ್ಲಿ, ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರದಿಂದ ಓಬಜ್ಜನ ತಮ್ಮ ಹಾದುಹೋದ. ಓಬಜ್ಜ ಪರದೆಗೆ ಅಂಗೈ ಒತ್ತಿ ನಿಂತಿದ್ದ.

"ಇನ್ನು ಪ್ಲಗ್ಗನ್ನ ಯಾರು ಎಳೀತೀರೋ ಎಳೀರಿ" ಎಂದೆ ನಾನು, ಮುಂದಿನ ಘಟ್ಟಕ್ಕೆ ಏರುತ್ತಾ.

ಯಾರೂ ಎಳೆಯಲಿಲ್ಲ.